ಅತ್ತೆಯ ಎದುರು ಕೂತು

ಬ್ರಿಡ್ಜ್ ಆಟದ ಹರಾಜಿನಲ್ಲಿ ಬಳಸಬಹುದಾದ ಪದಗಳು ಒಟ್ಟು 15. ಒಂದರಿಂದ ಏಳರವರೆಗಿನ ಅಂಕೆಗಳು, ನಾಲ್ಕು ಜಾತಿಯ ಎಲೆಗಳ ಹೆಸರು, ನೋಟ್ರಂಪ್, ಪಾಸ್, ಡಬಲ್, ರೀಡಬಲ್. ಅಷ್ಟೇ. ಪ್ರತಿ ಶನಿವಾರ ಸಂಜೆ ಮೂರು ಗಂಟೆ ಕಾಲ ಈ 15 ಪದಗಳಲ್ಲಿ ನಾನು ನನ್ನ ಅತ್ತೆಯ ಜೊತೆ ಸಂಸಾರ ಮಾಡುತ್ತೇನೆ.

ಆಫೀಸಿನಲ್ಲಿ ಹೇಳಿದರೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ. "ಅತ್ತೆ ಜೊತೆನಾ? ಎದುರಾಳಿಯಾಗಿ ತಾನೇ?" ಎದುರು ಕೂರುತ್ತೇವೆ ನಿಜ, ಆದರೆ ಬ್ರಿಡ್ಜ್‌ನಲ್ಲಿ ಎದುರು ಕೂತವರೇ ನಮ್ಮ ಪಕ್ಷದವರು. ಎಡಕ್ಕೂ ಬಲಕ್ಕೂ ಕೂತವರು ಎದುರಾಳಿಗಳು. ಇದನ್ನು ಮೊದಲ ಸಲ ಕೇಳಿದಾಗ ನನ್ನ ಗಂಡ, "ಹಾಗಾದ್ರೆ ಮನೇಲೂ ಹಾಗೇ ಕೂತ್ಕೊಳ್ಳಿ" ಅಂದ. ಅವನಿಗೆ ಇಸ್ಪೀಟಿನಲ್ಲಿ ಕತ್ತೆ ಆಟ ಬಿಟ್ಟು ಬೇರೇನೂ ಬರುವುದಿಲ್ಲ.

ಆಟ ಗೊತ್ತಿಲ್ಲದವರು ಒಂದು ನಿಮಿಷ ಕೊಡಿ. ನಾಲ್ಕು ಜನ, 52 ಎಲೆ, ತಲಾ 13. ಊರಲ್ಲಿ ಇಸ್ಪೀಟು, ಆಟೀನು, ಡೈಮನ್, ಕಳಾವರ್ ಅನ್ನೋದನ್ನು ಇಲ್ಲಿ ಸ್ಪೇಡ್, ಹಾರ್ಟ್, ಡೈಮಂಡ್, ಕ್ಲಬ್ ಅಂತಾರೆ. ಎಕ್ಕಕ್ಕೆ 4 ಪಾಯಿಂಟ್, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಇಡೀ ಕಟ್ಟಿನಲ್ಲಿ 40 ಪಾಯಿಂಟ್. ಆಟ ಶುರುವಾಗುವ ಮೊದಲು ಹರಾಜು. "2 ಹಾರ್ಟ್" ಅಂದರೆ, ಹಾರ್ಟ್ ತುರುಪು ಇಟ್ಟುಕೊಂಡು 13ರಲ್ಲಿ 8 ಟ್ರಿಕ್ ಗೆಲ್ಲುತ್ತೇವೆ ಅನ್ನೋ ಮಾತು. ಆರಕ್ಕೆ ಎರಡು ಕೂಡಿಸಿ. ಮೇಲೆ ಯಾರೂ ಕೂಗದಿದ್ದರೆ ಕಾಂಟ್ರಾಕ್ಟ್ ನಿಮ್ಮದು. ಹೇಳಿದಷ್ಟು ಗೆದ್ದರೆ ಅಂಕ, ಕಡಿಮೆ ಬಿದ್ದರೆ ದಂಡ.

ಹರಾಜಿನಲ್ಲಿ ಒಂದೇ ಪಕ್ಷ ಮಾತಾಡಿದರೆ ಅದು ಬರೀ ಲೆಕ್ಕ. ಎರಡೂ ಪಕ್ಷ ಕಣಕ್ಕಿಳಿದಾಗಲೇ ಮಜಾ, ಜಗಳವೂ ಅಲ್ಲೇ. ಐಪಿಎಲ್ ಹರಾಜು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತೆ. ತನಗೆ ಬೇಡದ ಆಟಗಾರನಿಗೂ ಒಂದು ತಂಡ ಪ್ಯಾಡಲ್ ಎತ್ತುತ್ತಾ ಹೋಗುತ್ತದಲ್ಲ, ಎದುರಿನವರ ಜೇಬು ಖಾಲಿಯಾಗಲಿ ಅಂತ? ಬ್ರಿಡ್ಜ್‌ನಲ್ಲೂ ಅದೇ. ಅವರು ಆರಾಮಾಗಿ 2 ಹಾರ್ಟ್‌ನಲ್ಲಿ ನಿಲ್ಲಬೇಕು ಅಂತಿರುತ್ತಾರೆ, ನೀವು 2 ಸ್ಪೇಡ್ ಅಂದು ಅವರನ್ನು 3ಕ್ಕೆ ಹತ್ತಿಸುತ್ತೀರಿ. ಹತ್ತಿದ ಮೇಲೆ ಅವರು ಜಾರಿ ಬಿದ್ದರೆ ಲಾಭ ನಿಮ್ಮದು. ಅವರು ಹತ್ತದೆ ನಿಮ್ಮನ್ನೇ ಅಲ್ಲಿ ಬಿಟ್ಟು ಡಬಲ್ ಹೇಳಿದರೆ? ಜಗಳ ಶುರುವಾಗೋದು ಇಲ್ಲಿಂದ.

ಜಗಳ ಅಂದರೆ ಸಣ್ಣದೇನಲ್ಲ. ಈಗ ಜಗತ್ತು ಆಡುವ ಕಾಂಟ್ರಾಕ್ಟ್ ಬ್ರಿಡ್ಜ್‌ನ ಅಂಕಪದ್ಧತಿಯನ್ನು ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್ ರೂಪಿಸಿದ್ದು 1925ರಲ್ಲಿ, ಪನಾಮಾ ಕಾಲುವೆ ದಾಟುತ್ತಿದ್ದ ಒಂದು ಹಡಗಿನ ಪ್ರಯಾಣದಲ್ಲಿ. ನಾಲ್ಕೇ ವರ್ಷಕ್ಕೆ, 1929ರ ಸೆಪ್ಟೆಂಬರ್‌ನಲ್ಲಿ, ಕಾನ್ಸಾಸ್ ಸಿಟಿಯ ಒಂದು ಮನೆಯಲ್ಲಿ ಈ ಆಟದ ಜಗಳದಲ್ಲೇ ಕೊಲೆ ಆಯಿತು. ಜಾನ್ ಬೆನೆಟ್, ಮಿರ್ಟಲ್ ಬೆನೆಟ್ ಗಂಡ ಹೆಂಡತಿ. ಎದುರಿಗೆ ಇನ್ನೊಂದು ದಂಪತಿ. ಆಟದಲ್ಲಿದ್ದವರು ಆಮೇಲೆ ನೆನಪಿನಿಂದ ಹೇಳಿದ ಪ್ರಕಾರ, ಗಂಡ 1 ಸ್ಪೇಡ್ ಅಂದ, ಎದುರಾಳಿ 2 ಡೈಮಂಡ್ ಅಂತ ನಡುವೆ ಬಂದ, ಹೆಂಡತಿ ನೇರ 4 ಸ್ಪೇಡ್‌ಗೆ ಹಾರಿದಳು. ಕಾಂಟ್ರಾಕ್ಟ್ ಬಿತ್ತು. ಮಾತಿಗೆ ಮಾತು ಬೆಳೆದು ಗಂಡ ಕೆನ್ನೆಗೆ ಹೊಡೆದ. ಹೆಂಡತಿ ಒಳಗೆ ಹೋಗಿ ಪಿಸ್ತೂಲು ತಂದಳು. 1931ರಲ್ಲಿ ನ್ಯಾಯಾಲಯ ಅವಳನ್ನು ಬಿಡುಗಡೆ ಮಾಡಿತು. ಈ ಕಥೆ ಹೇಳಿದಾಗ ಅತ್ತೆ ಕೇಳಿದ ಮೊದಲ ಪ್ರಶ್ನೆ, "ಅವಳ ಕೈಲಿ ಎಷ್ಟು ಪಾಯಿಂಟ್ ಇತ್ತಂತೆ?"

ಅತ್ತೆ ಬ್ಯಾಂಕಿನವರು. ಸಾಲದ ವಿಭಾಗದಲ್ಲಿ ವರ್ಷಗಟ್ಟಲೆ ಕೂತವರು. ಬ್ರಿಡ್ಜ್ ಕಲಿತದ್ದು ಬ್ಯಾಂಕಿನ ರಿಕ್ರಿಯೇಷನ್ ಕ್ಲಬ್ಬಿನಲ್ಲಿ, ಊಟದ ಬಿಡುವಿನಲ್ಲಿ. ನಿವೃತ್ತಿಯ ನಂತರವೂ ಬಿಡಲಿಲ್ಲ. ನಾನು ಕಲಿತದ್ದು ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ. ಮದುವೆಯಾಗಿ ಬಂದಾಗ ಅತ್ತೆ ಹಳೆಯ ಪಾರ್ಟ್ನರ್ ಒಬ್ಬರ ಜೊತೆ ಆಡುತ್ತಿದ್ದರು. ಅವರು ಊರು ಬಿಟ್ಟು ಮಗನ ಮನೆಗೆ ಹೋದ ಮೇಲೆ ಆ ಕುರ್ಚಿ ಖಾಲಿಯಾಯಿತು. "ನೀನು ಬರ್ತೀಯೇನಮ್ಮ?" ಅಂದರು. ಹೋದೆ.

ಮೊದಲ ಕೆಲವು ತಿಂಗಳು ನನಗೊಂದು ವಿಚಿತ್ರ ಅನ್ನಿಸುತ್ತಿತ್ತು. ಎಲೆ ಆಡುವುದರಲ್ಲಿ ಅತ್ತೆ ನನಗಿಂತ ಎಷ್ಟೋ ಮೇಲು. ಯಾರ ಹತ್ತಿರ ಯಾವ ರಾಣಿ ಇದೆ ಅಂತ ಎಂಟನೇ ಟ್ರಿಕ್ಕಿಗೆ ಕಂಡುಹಿಡಿಯುತ್ತಾರೆ. ಆದರೆ ಹರಾಜಿನಲ್ಲಿ ಎದುರಾಳಿಗಳು 2ರ ಮಟ್ಟದಲ್ಲಿ ನಿಂತರು ಅಂದರೆ ಮುಗಿಯಿತು, ಅತ್ತೆಯ ಕೈಯಿಂದ ಹಸಿರು ಪಾಸ್ ಕಾರ್ಡು. ಅವರು ಪಾಸ್ ಅಂದರೆ ಹರಾಜು ಅಲ್ಲಿಗೆ ಮುಗಿಯುತ್ತದೆ ಅನ್ನುವ ಜಾಗದಲ್ಲೂ ಪಾಸ್. ಆನ್‌ಲೈನ್‌ನಲ್ಲಿ ನಾವಿಬ್ಬರೂ ಆಡಿದ ಆಟಗಳ ದಾಖಲೆ ಸಿಗುತ್ತದೆ. ನನ್ನ ಕಸುಬು ಗೊತ್ತಲ್ಲ, ಒಂದು ಭಾನುವಾರ ಸ್ಕ್ರಿಪ್ಟ್ ಬರೆದು ಮೂರು ತಿಂಗಳ ಆಟವನ್ನೆಲ್ಲ ಜರಡಿ ಹಿಡಿದೆ. ಆ ಜಾಗದಲ್ಲಿ ಅತ್ತೆ ಒಂದು ಸಲವೂ ಬಾಯಿ ತೆರೆದಿರಲಿಲ್ಲ.

ಹಾಗೆ ಕೊನೆಯ ಜಾಗದಲ್ಲಿ ಕೂತು, ಸಾಯುತ್ತಿರುವ ಹರಾಜಿಗೆ ಜೀವ ಕೊಡುವುದಕ್ಕೆ ಬ್ಯಾಲೆನ್ಸಿಂಗ್ ಅಂತಾರೆ. ಅದರ ಲೆಕ್ಕ ಸ್ವಲ್ಪ ನೋಡಿ. ಎದುರಾಳಿಗಳು 2 ಹಾರ್ಟ್ ಹೇಳಿ ಗೆದ್ದರೆ ಅವರಿಗೆ 110 ಅಂಕ. ನಾವು 2 ಸ್ಪೇಡ್ ಹೇಳಿ ಒಂದು ಟ್ರಿಕ್ ಸೋತರೆ ನಮ್ಮ ದಂಡ 50. ಎರಡು ಸೋತರೆ 100. ಸೋತೂ ಲಾಭ! ಕ್ಲಬ್ಬಿನ ಜೋಡಿ ಪಂದ್ಯಗಳಲ್ಲಿ ಅವೇ ಎಲೆಗಳು ಮೇಜಿಂದ ಮೇಜಿಗೆ ಹೋಗುತ್ತವೆ, ಅದೇ ಎಲೆ ಹಿಡಿದ ಬೇರೆ ಜೋಡಿಗಳ ಜೊತೆಗೇ ನಮ್ಮ ಹೋಲಿಕೆ. ಹಾಗಾಗಿ "ಎಲೆ ಸರಿ ಬೀಳಲಿಲ್ಲ" ಅನ್ನೋ ನೆಪ ನಡೆಯೋದಿಲ್ಲ. ಬೇರೆಯವರೆಲ್ಲ 110 ಕೊಟ್ಟ ಕಡೆ ನೀವು 50 ಕೊಟ್ಟರೆ ಅವರೆಲ್ಲರಿಗಿಂತ ಮೇಲೆ.

ಅಪಾಯವೂ ಇದೆ. ಅವರು ಡಬಲ್ ಹೇಳಿದರೆ ಒಂದು ಸೋಲಿಗೆ 100, ಎರಡಕ್ಕೆ 300. ವಲ್ನರಬಲ್ ಆಗಿದ್ದರೆ (ಯಾವ ಬೋರ್ಡಿನಲ್ಲಿ ಯಾರು ವಲ್ನರಬಲ್ ಅನ್ನೋದು ಮೊದಲೇ ನಿಗದಿ, ಅವರಿಗೆ ದಂಡ ಜಾಸ್ತಿ) ಡಬಲ್ ಆದ ಒಂದೇ ಸೋಲಿಗೆ 200.

ಇಷ್ಟು ಲೆಕ್ಕ ಅತ್ತೆಗೆ ಗೊತ್ತಿಲ್ಲವೇ? ನನಗಿಂತ ಚೆನ್ನಾಗಿ ಗೊತ್ತು. ಸ್ಕ್ರಿಪ್ಟಿನ ಫಲಿತಾಂಶ ತೋರಿಸಿದಾಗ ಅವರು ಕನ್ನಡಕ ತೆಗೆದಿಟ್ಟು ಸುಮ್ಮನೆ ಕೂತರು. ಆಮೇಲೆ ಹಳೆಯ ಪಾರ್ಟ್ನರ್ ಕಥೆ ಹೇಳಿದರು. ಆ ಮನುಷ್ಯ ಒಳ್ಳೆಯ ಆಟಗಾರ. ಆದರೆ ಅತ್ತೆ ಬ್ಯಾಲೆನ್ಸ್ ಮಾಡಿ ಕಾಂಟ್ರಾಕ್ಟ್ ಬಿದ್ದಾಗಲೆಲ್ಲ ಎಲೆ ಮೇಜಿನ ಮೇಲಿಟ್ಟು, ಎದುರಾಳಿಗಳ ಮುಂದೆಯೇ, "ನಿಮ್ಮನ್ನ ಮಾತಾಡಿ ಅಂತ ಯಾರು ಕೇಳಿದ್ರು?" ಅನ್ನುತ್ತಿದ್ದರಂತೆ. ಬೈಗುಳವೇನೂ ಅಲ್ಲ, ಅಷ್ಟೇ ಮಾತು. ಐದಾರು ಸಲ ಆಯಿತು. "ಆಮೇಲೆ ನಾನೇ ಬಿಟ್ಟುಬಿಟ್ಟೆ. ಪಾಸ್ ಅಂದ್ರೆ ಯಾರೂ ಏನೂ ಅನ್ನಲ್ಲ ಕಣೇ."

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಪಾಸ್ ಅಂದರೆ ಯಾರೂ ಏನೂ ಅನ್ನುವುದಿಲ್ಲ. 110 ಅಂಕ ಹೋಯಿತು, ಆದರೆ ಅಂಕಪಟ್ಟಿಯಲ್ಲಿ ಅದು ಎದುರಾಳಿಗಳು ಗೆದ್ದ ಹಾಗೆ ಕಾಣುತ್ತದೆ, ನಾವು ಸೋತ ಹಾಗಲ್ಲ. ನನ್ನ ಆಫೀಸಿನಲ್ಲೂ ಹೀಗೇ. ರಿಲೀಸ್ ಮಾಡಿ ಒಂದು ಬಗ್ ಬಂದರೆ ಅರ್ಧ ದಿನ ಮೀಟಿಂಗು, ಯಾರು ಮಾಡಿದ್ದು, ಯಾಕೆ ಮಾಡಿದ್ದು. ರಿಲೀಸ್ ಮಾಡದೇ ಆರು ತಿಂಗಳು ಕೂತವರನ್ನು ಒಂದೂ ಮೀಟಿಂಗಿಗೆ ಕರೆಯುವುದಿಲ್ಲ. ಆ ಹಳೆಯ ಪಾರ್ಟ್ನರ್ ತಾನು ಅಂಕ ಉಳಿಸುತ್ತಿದ್ದೇನೆ ಅಂದುಕೊಂಡಿರಬೇಕು. ಅವರು ಬಾಯಿ ಬಿಟ್ಟದ್ದು ಐದಾರು ಬೋರ್ಡಿಗೆ, ಕಳೆದುಕೊಂಡದ್ದು ಆಮೇಲಿನ ವರ್ಷಗಳ ಎಷ್ಟು ಬೋರ್ಡೋ. ಅತ್ತೆ ಹೇಳದೇ ಬಿಟ್ಟ ಬಿಡ್‌ಗಳನ್ನು ಯಾವ ಸ್ಕ್ರಿಪ್ಟೂ ಎಣಿಸಿ ಅವರಿಗೆ ತೋರಿಸಲಿಲ್ಲವಲ್ಲ.

ಬ್ರಿಡ್ಜ್‌ನಲ್ಲಿ ಹೊಂದಾಣಿಕೆ ಅಂದರೆ ನಗುನಗುತ್ತಾ ಇರೋದು, ಥ್ಯಾಂಕ್ಯೂ ಪಾರ್ಟ್ನರ್ ಅನ್ನೋದು ಅಂತ ನಾನೂ ಅಂದುಕೊಂಡಿದ್ದೆ. ಈಗ ನನ್ನ ಅಭಿಪ್ರಾಯ, ಅದು ಸಭ್ಯತೆಯ ವಿಷಯವೇ ಅಲ್ಲ, ಪೂರ್ತಿ ಅಂಕದ ವಿಷಯ. ಎದುರು ಕೂತವರು ಮುಂದಿನ ಬೋರ್ಡಿನಲ್ಲಿ ಏನು ಹೇಳುತ್ತಾರೆ ಅನ್ನೋದು ಈ ಬೋರ್ಡಿನಲ್ಲಿ ನಿಮ್ಮ ಮುಖ ಹೇಗಿತ್ತು ಅನ್ನೋದರ ಮೇಲೆ ನಿಂತಿರುತ್ತದೆ.

ಅತ್ತೆ ಮೊದಲ ಸಲ ಬ್ಯಾಲೆನ್ಸ್ ಮಾಡಿದ್ದು ಆ ಮಾತುಕತೆಯ ಎರಡು ವಾರದ ನಂತರ. ಎದುರಾಳಿಗಳು 1 ಹಾರ್ಟ್, 2 ಹಾರ್ಟ್ ಹೇಳಿ ನಿಂತರು. ಅತ್ತೆಯ ಬೆರಳು ಹಸಿರು ಕಾರ್ಡಿನ ಹತ್ತಿರ ಹೋಗಿ ವಾಪಸ್ ಬಂತು. 2 ಸ್ಪೇಡ್. ಅವರ ಎಡಗಡೆಯವರು ಪಾಸ್, ನಾನು ಪಾಸ್, ಕೊನೆಗೆ ಬಲಗಡೆಯವರಿಂದ ಕೆಂಪು ಡಬಲ್ ಕಾರ್ಡು. ಅತ್ತೆ ಆಡುವವರು, ನಾನು ಡಮ್ಮಿ, ಅಂದರೆ ನನ್ನ 13 ಎಲೆಯನ್ನೂ ಮೇಜಿನ ಮೇಲೆ ಹರಡಿ ಸುಮ್ಮನೆ ಕೂರುವವಳು. ಹರಡಿದೆ. ಸ್ಪೇಡ್ ಎರಡೇ ಎಲೆ. ನನ್ನ ಪಾಯಿಂಟೆಲ್ಲ ಹಾರ್ಟ್‌ನಲ್ಲಿ, ಯಾವ ಕೆಲಸಕ್ಕೂ ಬಾರದ ಕಡೆ. ಎರಡು ಟ್ರಿಕ್ ಸೋಲು, 300. ಆ ಬೋರ್ಡಿನಲ್ಲಿ ಇಡೀ ಹಾಲ್‌ನಲ್ಲಿ ಅತಿ ಕೆಟ್ಟ ಅಂಕ ನಮ್ಮದು, ಸೊನ್ನೆ.

ಎದುರಾಳಿಗಳಲ್ಲಿ ಒಬ್ಬರು ನನ್ನ ಮುಖ ನೋಡಿದರು, ಈಗೇನು ಹೇಳುತ್ತಾಳೆ ಸೊಸೆ ಅನ್ನೋ ಥರ. ಅತ್ತೆ ನೋಡಲಿಲ್ಲ. ಅವರು ಎಲೆಗಳನ್ನು ಬೋರ್ಡಿಗೆ ವಾಪಸ್ ಸೇರಿಸುತ್ತಿದ್ದರು, ಬೇಕಾದ್ದಕ್ಕಿಂತ ನಿಧಾನಕ್ಕೆ. ನಾನು ಅಂಕ ಬರೆದು ಮುಂದಿನ ಬೋರ್ಡ್ ಎಳೆದುಕೊಂಡೆ. ಅವತ್ತಿನ ಆ ಕಾಲು ನಿಮಿಷದಷ್ಟು ಗಮನ ಇಟ್ಟು ನಾನು ಮುಖ ಇಟ್ಟುಕೊಂಡದ್ದು ಅಪ್ರೈಸಲ್ ಮೀಟಿಂಗಿನಲ್ಲೂ ಇಲ್ಲ. ಅವತ್ತು ಇನ್ನೊಂದು ಸಲ ಅದೇ ಪರಿಸ್ಥಿತಿ ಬಂತು. ಅತ್ತೆ ಪಾಸ್ ಅಂದರು.

ಇಲ್ಲಿ ಮನೆಗೂ ಮೇಜಿಗೂ ಇರುವ ಒಂದು ವ್ಯತ್ಯಾಸ ಹೇಳಬೇಕು. ಮನೆಯಲ್ಲಿ ಸೊಸೆಯಾದವಳು ಬದುಕೋದೇ ಶಬ್ದ ಕೇಳಿಕೊಂಡು. ಕುಕ್ಕರ್ ಇಟ್ಟ ರೀತಿ, ಸ್ಟೀಲ್ ಡಬ್ಬಿಯ ಮುಚ್ಚಳ ಹಾಕಿದ ಜೋರು, "ಇರ್ಲಿ ಬಿಡು" ಅನ್ನುವಾಗ ‘ಬಿಡು’ ಎಷ್ಟು ಉದ್ದ ಎಳೆದರು, ಎಲ್ಲದಕ್ಕೂ ಅರ್ಥ ಇದೆ. ಬ್ರಿಡ್ಜ್ ಮೇಜಿನಲ್ಲಿ ಇದೆಲ್ಲ ನಿಷಿದ್ಧ. ಪಾರ್ಟ್ನರ್ ತಡವರಿಸಿದರು, ನಿಟ್ಟುಸಿರು ಬಿಟ್ಟರು, ಕಾರ್ಡನ್ನು ಜೋರಾಗಿ ಇಟ್ಟರು ಅಂತ ಅದರಿಂದ ಏನನ್ನೂ ಊಹಿಸಿ ಬಿಡ್ ಮಾಡುವ ಹಾಗಿಲ್ಲ, ಮಾಡಿದರೆ ನಿರ್ದೇಶಕರು ಬಂದು ಅಂಕ ಬದಲಿಸಬಹುದು. ಬಾಯಲ್ಲಿ ಹೇಳುವ ಬದಲು ಪೆಟ್ಟಿಗೆಯಿಂದ ಕಾರ್ಡು ತೆಗೆದಿಡುವುದೂ ದನಿಯ ಏರಿಳಿತ ಕೇಳಿಸಬಾರದು ಅಂತಲೇ. ದೊಡ್ಡ ಪಂದ್ಯಗಳಲ್ಲಿ ಪಾರ್ಟ್ನರ್‌ಗಳ ಮಧ್ಯೆ ಪರದೆಯೇ ಇರುತ್ತದೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮೊದಲು ಪರದೆ ಬಂದದ್ದು 1975ರ ಬರ್ಮುಡಾ ಬೌಲ್‌ನಲ್ಲಿ. ಅದೇ ಪಂದ್ಯದಲ್ಲಿ ಮೇಜಿನ ಕೆಳಗೆ ಕಾಲಾಡಿಸಿದ್ದಕ್ಕೆ ಇಟಲಿಯ ಜೋಡಿಯೊಂದಕ್ಕೆ ಛೀಮಾರಿ ಬಿತ್ತು.

ಹಾಗಾಗಿ ಆವತ್ತು ಅತ್ತೆಗೆ ನಾನು ಕಣ್ಣಲ್ಲಿ ಧೈರ್ಯ ಹೇಳುವ ಹಾಗೂ ಇರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಮೊದಲೇ ಹೇಳಿ, ಒಪ್ಪಿ, ಬರೆದಿಟ್ಟುಕೊಂಡಿರಬೇಕು. ಅದಕ್ಕೇ ನಮ್ಮ ಡೈರಿ ಶುರುವಾಯಿತು. ಬ್ಯಾಂಕಿನವರು ಕೊಟ್ಟ ಹಳೆಯ ಡೈರಿ, ಅತ್ತೆಯ ದುಂಡಗಿನ ಅಕ್ಷರ.

ಅದರಲ್ಲಿ ಮೊದಲ ಪುಟದಲ್ಲೇ ಇರುವ ಸಾಲು ಅತ್ತೆಯದೇ: "ಒಂದೇ ಎಫ್‌ಡಿ ಮೇಲೆ ಎರಡು ಸಾಲ ಕೊಡಬಾರದು." ಇದರ ಅರ್ಥ ಬಿಡಿಸಿ ಹೇಳುತ್ತೇನೆ, ನಮ್ಮ ಆಟದ ಹೃದಯ ಇದೇ.

ಎದುರಾಳಿಗಳು 2 ಹಾರ್ಟ್‌ನಲ್ಲಿ ನಿಂತಿದ್ದಾರೆ ಅಂದರೆ ಅವರ ಹತ್ತಿರ ಹೆಚ್ಚು ಕಡಿಮೆ 20 ಪಾಯಿಂಟ್ ಇದೆ ಅಂತ. ಜಾಸ್ತಿ ಇದ್ದಿದ್ದರೆ ಮೇಲೆ ಹೋಗುತ್ತಿದ್ದರು. 40ರಲ್ಲಿ ಉಳಿದ 20 ನಮ್ಮದು. ಈಗ ಅತ್ತೆಯ ಕೈಯಲ್ಲಿ 9 ಇದ್ದರೆ ನನ್ನ ಕೈಯಲ್ಲಿ 11 ಇರಲೇಬೇಕು, ನಾನು ಏನೂ ಹೇಳದಿದ್ದರೂ. ಅತ್ತೆ 9 ಪಾಯಿಂಟ್ ಇಟ್ಟುಕೊಂಡು 2 ಸ್ಪೇಡ್ ಅನ್ನುವ ಧೈರ್ಯ ಮಾಡುವುದು ಈ 11ನ್ನೂ ಲೆಕ್ಕಕ್ಕೆ ಹಿಡಿದೇ. ಅಂದರೆ ನನ್ನ ಎಫ್‌ಡಿ ಮೇಲೆ ಅವರು ಆಗಲೇ ಸಾಲ ಎತ್ತಿಯಾಗಿದೆ. ಆಮೇಲೆ ನಾನು "ಅಯ್ಯೋ, ನನ್ನ ಹತ್ತಿರ 11 ಇದೆಯಲ್ಲ" ಅಂತ ಖುಷಿಯಾಗಿ 3 ಸ್ಪೇಡ್‌ಗೆ ಹೋದರೆ ಅದೇ ಎಫ್‌ಡಿ ಮೇಲೆ ಎರಡನೇ ಸಾಲ. ಕಾಂಟ್ರಾಕ್ಟ್ ಬೀಳುತ್ತೆ, ಬೈಸಿಕೊಳ್ಳೋದು ಮೊದಲು ಮಾತಾಡಿದವರು. "ನೀವು ಮಾತಾಡಿದ್ದಕ್ಕೇ ನಾನು ಮೇಲೆ ಹೋದೆ" ಅನ್ನೋ ಮಾತು ಎಷ್ಟು ಮೇಜಿನಲ್ಲಿ ಕೇಳಿದ್ದೇನೋ. ಅಲ್ಲಿಗೆ ಅವರು ಇನ್ನು ಮುಂದೆ ಮಾತಾಡುವುದಿಲ್ಲ.

ಒಂದು ನಿಜವಾದ ಬೋರ್ಡ್ ಹೇಳುತ್ತೇನೆ. ಅತ್ತೆಯ ಕೈ: ಸ್ಪೇಡ್ ರಾಜ, ಗುಲಾಮ, 9, 6, 4. ಹಾರ್ಟ್ 5, 3. ಡೈಮಂಡ್ ರಾಜ, 8, 2. ಕ್ಲಬ್ ರಾಣಿ, 7, 4. ಒಟ್ಟು 9 ಪಾಯಿಂಟ್. ನನ್ನ ಕೈ: ಸ್ಪೇಡ್ ಎಕ್ಕ, 8, 3. ಹಾರ್ಟ್ ರಾಜ, 7, 4. ಡೈಮಂಡ್ ಗುಲಾಮ, 6, 3. ಕ್ಲಬ್ ರಾಜ, 8, 5, 2. 11 ಪಾಯಿಂಟ್. ಯಾರೂ ವಲ್ನರಬಲ್ ಅಲ್ಲ. ಅವರು 1 ಹಾರ್ಟ್, ಅತ್ತೆ ಪಾಸ್, 2 ಹಾರ್ಟ್, ನಾನು ಪಾಸ್, ಪಾಸ್. ಅತ್ತೆ 2 ಸ್ಪೇಡ್. ಅವರು 3 ಹಾರ್ಟ್.

ಈಗ ನನ್ನ ಸರದಿ. ಒಳ್ಳೆಯ ಸ್ಪೇಡ್ ಎಕ್ಕ ಇದೆ, ಮೂರು ಸ್ಪೇಡ್ ಇದೆ, 11 ಪಾಯಿಂಟ್ ಇದೆ. ನಾನು ಪಾಸ್ ಅಂದೆ. ಕಾರಣ ಎರಡು. ಒಂದು, ಎಫ್‌ಡಿ. ಇನ್ನೊಂದು, ಫ್ರಾನ್ಸಿನ ಜಾಂ ರೆನೆ ವೆರ್ನ್ ಅನ್ನುವವರು 1969ರಲ್ಲಿ ‘ದಿ ಬ್ರಿಡ್ಜ್ ವರ್ಲ್ಡ್’ ಪತ್ರಿಕೆಯಲ್ಲಿ ಬರೆದ ಒಂದು ಸೂತ್ರ. ನಮ್ಮ ಒಳ್ಳೆಯ ಜಾತಿಯಲ್ಲಿ ನಮ್ಮಿಬ್ಬರ ಹತ್ತಿರ ಎಷ್ಟು ಎಲೆ, ಅವರ ಜಾತಿಯಲ್ಲಿ ಅವರಿಬ್ಬರ ಹತ್ತಿರ ಎಷ್ಟು ಎಲೆ, ಕೂಡಿಸಿ. ಅವರವರ ತುರುಪಿನಲ್ಲಿ ಎರಡೂ ಪಕ್ಷ ಗೆಲ್ಲಬಹುದಾದ ಟ್ರಿಕ್‌ಗಳ ಮೊತ್ತ ಸುಮಾರು ಅಷ್ಟೇ ಇರುತ್ತದೆ. 1992ರಲ್ಲಿ ಅಮೆರಿಕದ ಲ್ಯಾರಿ ಕೋಹೆನ್ ‘ಟು ಬಿಡ್ ಆರ್ ನಾಟ್ ಟು ಬಿಡ್’ ಪುಸ್ತಕ ಬರೆದ ಮೇಲೆ ಇದು ಮನೆಮಾತಾಯಿತು. ಆಟದಲ್ಲಿ ಬಳಸುವಾಗ ಇಷ್ಟು ಸಾಕು: ಇಬ್ಬರಲ್ಲೂ ಸೇರಿ 8 ತುರುಪಿದ್ದರೆ 8 ಟ್ರಿಕ್‌ನ ಮಟ್ಟ, ಅಂದರೆ 2. 9 ಇದ್ದರೆ 3. ಅತ್ತೆಯ 5, ನನ್ನ 3, ಒಟ್ಟು 8. ನಮ್ಮ ಗಡಿ 2 ಸ್ಪೇಡ್, ಅತ್ತೆ ಆಗಲೇ ಅಲ್ಲಿಗೆ ಹೋಗಿ ಬಂದಾಗಿದೆ. ಅವರನ್ನು ಒಂದು ಮೆಟ್ಟಿಲು ಮೇಲೆ ಹತ್ತಿಸಿದ್ದೇ ನಮ್ಮ ಗೆಲುವು. 3 ಹಾರ್ಟ್ ಒಂದು ಟ್ರಿಕ್ ಬಿತ್ತು. 110 ಕೊಡಬೇಕಿದ್ದ ಕಡೆ 50 ಬಂತು.

(ಈ ಸೂತ್ರ ತಪ್ಪು ಅಂತ ವಾದಿಸಿ 2004ರಲ್ಲಿ ಮೈಕ್ ಲಾರೆನ್ಸ್, ಆಂಡರ್ಸ್ ವಿರ್‌ಗ್ರೆನ್ ಇಬ್ಬರೂ ಸೇರಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಎಲೆಗಳ ಸಂಖ್ಯೆಗಿಂತ ಕೈಯ ಆಕಾರ, ಪಾಯಿಂಟ್ ಎಲ್ಲಿದೆ ಅನ್ನೋದು ಮುಖ್ಯ ಅಂತ ಅವರ ವಾದ. ಅವರು ಹೇಳೋದರಲ್ಲೂ ಹುರುಳಿದೆ. ಆದರೆ 66 ವರ್ಷದವರೂ 30 ವರ್ಷದವಳೂ ಸಂಜೆ ಏಳು ಗಂಟೆಗೆ ಹತ್ತು ಸೆಕೆಂಡಿನಲ್ಲಿ ಒಂದೇ ತೀರ್ಮಾನಕ್ಕೆ ಬರಬೇಕಾದರೆ, ನೂರಕ್ಕೆ ನೂರು ಸರಿಯಿರುವ ಸೂತ್ರಕ್ಕಿಂತ ಇಬ್ಬರೂ ಒಪ್ಪಿದ ಸೂತ್ರ ಮೇಲು.)

ಡೈರಿಯ ಎರಡನೇ ಪುಟ, ಯಾರು ತೀರ್ಮಾನ ಮಾಡಬೇಕು ಅನ್ನೋದು. ತನ್ನ ಕೈಯನ್ನು ಪೂರ್ತಿ ಹೇಳಿ ಮುಗಿಸಿದವರು ಮತ್ತೆ ಮಾತಾಡಬಾರದು. ಇದು ಬ್ರಿಡ್ಜ್‌ನ ಹಳೆಯ ನಿಯಮ, ಆದರೆ ಪಾಲಿಸೋದು ಕಷ್ಟ. ಅತ್ತೆ ಒಮ್ಮೆ ಏಳು ಹಾರ್ಟ್, ಬೇರೇನೂ ಇಲ್ಲದ ಕೈಯಲ್ಲಿ 3 ಹಾರ್ಟ್ ಅಂತ ಶುರು ಮಾಡಿದರು. ಹಾಗೆ ಎತ್ತರದಲ್ಲಿ ಶುರು ಮಾಡೋದೇ ಎದುರಾಳಿಗಳಿಗೆ ಜಾಗ ಸಿಗದಿರಲಿ ಅಂತ. ಅವರು 3 ಸ್ಪೇಡ್ ಅಂದರು, ನಾನು ಪಾಸ್, ಇನ್ನೊಬ್ಬರು 4 ಸ್ಪೇಡ್. ಅತ್ತೆಗೆ 5 ಹಾರ್ಟ್ ಹೇಳುವ ಆಸೆ. "ಕೈ ತುರಿಸ್ತಿತ್ತು ಕಣೇ" ಅಂತ ಆಮೇಲೆ ಹೇಳಿದರು. ಆದರೆ ಅವರು ಹೇಳಬೇಕಾದ್ದು ಮೊದಲ ಮಾತಿನಲ್ಲೇ ಮುಗಿದಿತ್ತು, ಇನ್ನು ತೀರ್ಮಾನ ನನ್ನದು. ಪಾಸ್ ಅಂದರು. ನನ್ನ ಕೈಯಲ್ಲಿ ಸ್ಪೇಡ್ ರಾಜ, ರಾಣಿ, 10, 9 ಕಾಯುತ್ತಾ ಕೂತಿದ್ದವು. ಡಬಲ್ ಅಂದೆ. ಎರಡು ಟ್ರಿಕ್ ಬಿತ್ತು.

ಅದರ ಉಲ್ಟಾ ಲೆಕ್ಕವೂ ಡೈರಿಯಲ್ಲಿದೆ. ಎದುರಾಳಿಗಳು ವಲ್ನರಬಲ್ ಆಗಿ 4 ಸ್ಪೇಡ್ ಗೆದ್ದರೆ ಅವರಿಗೆ 620. ವಲ್ನರಬಲ್ ಅಲ್ಲದ ನಾವು 5 ಹಾರ್ಟ್ ಹೇಳಿ, ಡಬಲ್ ಆಗಿ, ಮೂರು ಟ್ರಿಕ್ ಸೋತರೆ ಕೊಡೋದು 500. ಬೇಕಂತಲೇ ಸೋಲನ್ನು ಕೊಂಡುಕೊಳ್ಳುವುದು. ಇದಕ್ಕೆ ಇಂಗ್ಲಿಷ್ ಪುಸ್ತಕಗಳಲ್ಲಿ ಸ್ಯಾಕ್ರಿಫೈಸ್ ಅಂತ ಹೆಸರು, ಅತ್ತೆ ಇಟ್ಟ ಹೆಸರು ಒನ್ ಟೈಮ್ ಸೆಟ್ಲ್‌ಮೆಂಟ್. ನಾಲ್ಕು ಸೋತರೆ 800, ಆಗ ಸೆಟ್ಲ್‌ಮೆಂಟ್ ಮಾಡಿದ ಮ್ಯಾನೇಜರ್ ವಿಚಾರಣೆ ಎದುರಿಸಬೇಕು.

ಆಟ ಮುಗಿದ ಮೇಲಿನ ಮಾತಿಗೂ ನಿಯಮ ಇದೆ. ಕಾರಿನಲ್ಲಿ ಬೋರ್ಡುಗಳ ಮಾತಿಲ್ಲ. ಕ್ಲಬ್ಬಿನಿಂದ ಮನೆಗೆ ಶನಿವಾರದ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ, ಆಗ ಸೋತ ಬೋರ್ಡೇ ಕಣ್ಣಮುಂದೆ ಇರುತ್ತೆ, ಬಾಯಿಗೆ ಬರೋದೆಲ್ಲ ಫಲಿತಾಂಶದ ಮಾತು. ಭಾನುವಾರ ತಿಂಡಿ ಆದ ಮೇಲೆ ಅಂಕಪಟ್ಟಿ, ಡೈರಿ, ಎರಡು ಲೋಟ ಕಾಫಿ. "ಯಾಕೆ ಹಾಗೆ ಮಾಡಿದ್ರಿ?" ಅನ್ನೋ ಪ್ರಶ್ನೆಗೆ ಅವಕಾಶ ಇಲ್ಲ. "ನಿಮಗೆ ಏನು ಕಾಣಿಸ್ತು?" ಅಂತ ಕೇಳಬೇಕು. ಇದು ಅತ್ತೆ ಮಾಡಿದ ನಿಯಮ. "ಯಾಕೆ ಅಂದ್ರೆ ಮನುಷ್ಯ ವಕೀಲ ಆಗ್ತಾನೆ. ಏನು ಕಾಣಿಸ್ತು ಅಂದ್ರೆ ಸಾಕ್ಷಿ ಆಗ್ತಾನೆ" ಅಂದರು. ಸಾಲ ವಾಪಸ್ ಕಟ್ಟದವರನ್ನು ವರ್ಷಗಟ್ಟಲೆ ಎದುರು ಕೂರಿಸಿಕೊಂಡು ಮಾತಾಡಿಸಿದ ಅನುಭವ ಅದು. ನಮ್ಮ ಟೀಮಿನ ಮೀಟಿಂಗಿನಲ್ಲಿ ಇದನ್ನು ಪ್ರಯೋಗಿಸಿ ನೋಡಿದ್ದೇನೆ, ಮೀಟಿಂಗು ಅರ್ಧಕ್ಕರ್ಧ ಕಡಿಮೆಯಾಗುತ್ತೆ.

300 ಕೊಟ್ಟ ಆ ಬೋರ್ಡಿನ ಭಾನುವಾರ ಅತ್ತೆ ತಾವೇ ಅದನ್ನು ತೆಗೆದರು. "ನನಗೆ ಐದು ಸ್ಪೇಡ್ ಕಾಣಿಸ್ತು, ಹಾರ್ಟ್‌ನಲ್ಲಿ ಒಂದೇ ಎಲೆ ಕಾಣಿಸ್ತು." ನಾನು ನನ್ನ ಎರಡು ಸ್ಪೇಡ್ ತೋರಿಸಿದೆ. ಹತ್ತು ನಿಮಿಷ ಲೆಕ್ಕ ಹಾಕಿ ಇಬ್ಬರೂ ಒಪ್ಪಿದ್ದು, ಅದೇ ಕೈ ಮತ್ತೆ ಬಂದರೆ ಮತ್ತೆ 2 ಸ್ಪೇಡೇ ಹೇಳಬೇಕು ಅಂತ. ಬಿಡ್ ಸರಿ, ಎಲೆ ಬಿದ್ದ ರೀತಿ ಕೆಟ್ಟದ್ದು. ಅತ್ತೆ ಡೈರಿಯಲ್ಲಿ ಆ ಬೋರ್ಡಿನ ಮುಂದೆ ಹಸಿರು ಪೆನ್ನಿನಲ್ಲಿ ಟಿಕ್ ಹಾಕಿದರು, ಬ್ಯಾಂಕಿನಲ್ಲಿ ಅಧಿಕಾರಿಗಳು ಹಾಕುವ ಹಾಗೆ. ಮುಂದಿನ ಶನಿವಾರ ಎರಡು ಸಲ ಬ್ಯಾಲೆನ್ಸ್ ಮಾಡಿದರು.

2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪುರುಷರ ಜೋಡಿ ವಿಭಾಗದ ಬ್ರಿಡ್ಜ್ ಚಿನ್ನ ಭಾರತಕ್ಕೆ ಬಂತು. ಗೆದ್ದವರು ಕೋಲ್ಕತ್ತಾದ ಪ್ರಣಬ್ ಬರ್ಧನ್, ಶಿವನಾಥ್ ದೇ ಸರ್ಕಾರ್. ಒಬ್ಬರಿಗೆ 60 ವರ್ಷ, ಇನ್ನೊಬ್ಬರಿಗೆ 56. ಆ ಫೋಟೋ ಅತ್ತೆಯ ಫೋನಿನಲ್ಲಿ ಇನ್ನೂ ಇದೆ. ನಮ್ಮ ಆಫೀಸಿನಲ್ಲಿ 40 ದಾಟಿದವರನ್ನೇ ಹಿರಿಯರು ಅನ್ನುತ್ತಾರೆ ಅಂದಾಗ ಅದನ್ನು ತೆಗೆದು ನನ್ನ ಮುಂದೆ ಹಿಡಿದಿದ್ದರು.

ಈಗಿನ ತಕರಾರು ಬೇರೆ. ಬಾಯಿ ತೆರೆದ ಅತ್ತೆ ಈಗ ಮುಚ್ಚುತ್ತಲೇ ಇಲ್ಲ. ಹೋದ ಶನಿವಾರ ವಲ್ನರಬಲ್ ಆಗಿದ್ದೂ, ಕೈಯಲ್ಲಿ ಬರೀ 6 ಪಾಯಿಂಟ್ ಇಟ್ಟುಕೊಂಡು ಬ್ಯಾಲೆನ್ಸ್ ಮಾಡಿದರು. ಡಬಲ್, ಒಂದು ಟ್ರಿಕ್ ಸೋಲು, 200. ನಾನು ಅಂಕ ಬರೆದು ಬೋರ್ಡ್ ಮುಂದಕ್ಕೆ ತಳ್ಳಿದೆ. ಕಾರಿನಲ್ಲಿ ಗಂಡ, "ಇವತ್ತು ಹೇಗಿತ್ತಮ್ಮ?" ಅಂದಾಗ ಇಬ್ಬರೂ ಒಟ್ಟಿಗೆ "ಪಾಸ್" ಅಂದೆವು. ವಲ್ನರಬಲ್ ಇದ್ದಾಗ ಕಡಿಮೆ ಅಂದರೆ ಎಷ್ಟು ಪಾಯಿಂಟ್ ಬೇಕು ಅನ್ನೋ ಪುಟ ಡೈರಿಯಲ್ಲಿ ಇನ್ನೂ ಖಾಲಿ. ನಾನು 9 ಅನ್ನುತ್ತೇನೆ, ಅತ್ತೆ 7ಕ್ಕೆ ಬಂದು ನಿಂತಿದ್ದಾರೆ. ಈ ಭಾನುವಾರ ಇಡ್ಲಿ ಮುಗಿದ ಮೇಲೆ ಕೂರುತ್ತೇವೆ.